ನಾನೂರು ರೂಪಾಯಿ ಹಕ್ಕಿಗೆ ಡಾಕ್ಟರೇ?

ಕಾಯಿಲೆ ಬಿದ್ದ ಗಿಣಿಯನ್ನು ಡಾಕ್ಟರ ಹತ್ತಿರ ಒಯ್ಯುತ್ತೇನೆ ಎಂದು ಹೇಳಿ ನೋಡಿ. ಮೊದಲು ನಗುತ್ತಾರೆ, ಆಮೇಲೆ ಲೆಕ್ಕ ಹಾಕುತ್ತಾರೆ. "ಎಷ್ಟು ಕೊಟ್ಟಿದ್ರಿ ಅದಕ್ಕೆ? ನಾನೂರಾ? ಡಾಕ್ಟರ ಫೀಸಲ್ಲಿ ಇನ್ನೊಂದು ಜೋಡಿ ಬರತ್ತಲ್ರೀ!" ಹೀಗೆ ಹೇಳುವವರು ಕಟುಕರೇನೂ ಅಲ್ಲ. ಬೇಸಿಗೆ ಬಂದರೆ ತಾರಸಿಯ ಮೇಲೆ ಗುಬ್ಬಿಗೆ ನೀರಿಡುವವರು, ಸಂಕ್ರಾಂತಿಗೆ ಹಸುವಿನ ಮೈದಡವುವವರು. ಅದೇ ಜನ, ತಾವೇ ದುಡ್ಡು ಕೊಟ್ಟು ತಂದು ಪಂಜರದಲ್ಲಿ ಕೂಡಿದ ಜೀವ ತಿಂಗಳುಗಟ್ಟಲೆ ಹೊಟ್ಟೆಯ ಕಾಯಿಲೆಯಲ್ಲಿ ಸವೆಯುತ್ತಿದ್ದರೆ ಅಂಗಡಿಯ ರೇಟು ನೆನಪಿಸಿಕೊಳ್ಳುತ್ತಾರೆ.

ಆ ರೇಟು ಹಕ್ಕಿಯದಲ್ಲ, ಮಾರಾಟದ್ದು. ಕೊಂಡ ದಿನವೇ ಅದರ ಲೆಕ್ಕ ಮುಗಿಯಿತು. ಅಲ್ಲಿಂದ ಮುಂದೆ ನಿಮಗೂ ಆ ಹಕ್ಕಿಗೂ ಇರುವ ಲೆಕ್ಕ ಬೇರೆ. ಅದಕ್ಕೆ ಹಾರಿಹೋಗಿ ಬೇರೆ ಕಾಳು ಹುಡುಕುವ ದಾರಿಯಿಲ್ಲ. ನೀವು ಇಟ್ಟದ್ದೇ ಊಟ, ನೀವು ತುಂಬಿದ್ದೇ ನೀರು, ನೀವು ಗಮನಿಸಿದರೆ ಮಾತ್ರ ಅದಕ್ಕೆ ಕಾಯಿಲೆ ಎಂಬುದು ಉಂಟು. ಗಮನಿಸದೆ ಹೋದರೆ ಅದು ಒಂದು ಬೆಳಿಗ್ಗೆ ಪಂಜರದ ತಳದಲ್ಲಿ ಬಿದ್ದಿರುತ್ತದೆ, ನಾವು "ನೆನ್ನೆವರೆಗೂ ಚೆನ್ನಾಗೇ ಇತ್ತು" ಎನ್ನುತ್ತೇವೆ.

ನೆನ್ನೆವರೆಗೂ ಅದು ಚೆನ್ನಾಗಿರಲಿಲ್ಲ. ಈ ಒಂದು ಮಾತನ್ನು ಗಿಣಿ ಸಾಕಿದವರೆಲ್ಲರ ಕಿವಿಯಲ್ಲಿ ಕೂಗಿ ಹೇಳಬೇಕು ಅನ್ನಿಸುತ್ತದೆ. ಗಿಣಿ ಜಾತಿಯ ಹಕ್ಕಿಗಳು ಕಾಯಿಲೆಯನ್ನು ಮುಚ್ಚಿಡುತ್ತವೆ. ಹಿಂಡಿನಲ್ಲಿ ಬದುಕುವ, ಗಿಡುಗನ ಕಣ್ಣಿಗೆ ಬೀಳಬಾರದ ಜೀವಕ್ಕೆ ಸುಸ್ತು ತೋರಿಸುವುದೇ ಅಪಾಯ. ನೀವು ಹತ್ತಿರ ಹೋದ ಕೂಡಲೇ ಅದು ಉಬ್ಬಿಸಿಕೊಂಡಿದ್ದ ಗರಿಯನ್ನು ಒತ್ತಿಕೊಂಡು, ನೆಟ್ಟಗೆ ಕೂತು, ಬಟ್ಟಲಿಗೆ ಕೊಕ್ಕು ಹಾಕುತ್ತದೆ. ಕಾಳಿನ ಸಿಪ್ಪೆ ಬಿಡಿಸುತ್ತದೆ, ತಿರುಳನ್ನು ನುಂಗದೆ ಉದುರಿಸುತ್ತದೆ. ನಿಮಗೆ ಕಾಣುವುದು ಬಟ್ಟಲ ಮೇಲಿನ ಸಿಪ್ಪೆಯ ರಾಶಿ. ತಿಂದಿದೆ ಬಿಡು ಎಂದು ಸಮಾಧಾನಪಟ್ಟುಕೊಳ್ಳುತ್ತೀರಿ. ಇನ್ನು ಕೆಲವು ಕಾಯಿಲೆಗಳಲ್ಲಿ ಅದು ನಿಜವಾಗಿಯೂ ದಿನವಿಡೀ ತಿನ್ನುತ್ತಿರುತ್ತದೆ, ಆದರೂ ಕರಗುತ್ತಿರುತ್ತದೆ. ಗರಿಯ ಹೊದಿಕೆಯ ಒಳಗೆ ಎದೆಯ ಮಾಂಸ ಇಳಿದು ನಡುಮೂಳೆ ಚಾಕುವಿನ ಅಂಚಾಗುವವರೆಗೂ ಹೊರಗಿನಿಂದ ಏನೂ ಕಾಣುವುದಿಲ್ಲ.

ಕಾಕಟೀಲ್ ಮತ್ತು ನಮ್ಮ ಜನ 'ಲವ್ ಬರ್ಡ್ಸ್' ಎಂದು ಕರೆಯುವ ಬಜರಿಗರ್, ಈ ಎರಡೂ ಆಸ್ಟ್ರೇಲಿಯಾ ಮೂಲದ ಪುಟ್ಟ ಗಿಣಿಗಳು. ಕರ್ನಾಟಕದ ಮಧ್ಯಮ ವರ್ಗದ ಬಾಲ್ಕನಿಗಳಲ್ಲಿ ಹೆಚ್ಚಾಗಿ ಕಾಣುವುದೂ ಇವೇ. ಇವನ್ನು ಕಾಡುವ ಒಂದು ಶಿಲೀಂಧ್ರವಿದೆ. ಅದರ ಹೆಸರು ಮ್ಯಾಕ್ರೊರ್‍ಯಾಬ್ಡಸ್. ಹಕ್ಕಿಗೆ ಎರಡು ಜಠರ. ಮೊದಲನೆಯದು ಆಮ್ಲ ಸುರಿಸುತ್ತದೆ, ಎರಡನೆಯದು ಗಟ್ಟಿ ಸ್ನಾಯುವಿನಿಂದ ಕಾಳನ್ನು ಅರೆಯುತ್ತದೆ. ಇವೆರಡು ಸೇರುವ ಕತ್ತಿನಲ್ಲಿ ಈ ಶಿಲೀಂಧ್ರ ಮನೆ ಮಾಡಿಕೊಳ್ಳುತ್ತದೆ. ಸೂಕ್ಷ್ಮದರ್ಶಕದಲ್ಲಿ ಉದ್ದನೆ ಕಡ್ಡಿಯಂತೆ ಕಾಣುವುದರಿಂದ ಬಹುಕಾಲ ಇದನ್ನು ದೊಡ್ಡ ಬ್ಯಾಕ್ಟೀರಿಯಾ ಎಂದೇ ತಿಳಿದಿದ್ದರು. ಯೀಸ್ಟ್ ಜಾತಿಯದು ಎಂದು ಖಚಿತವಾದದ್ದು 2003ರಲ್ಲಿ. ಬ್ಯಾಕ್ಟೀರಿಯಾಕ್ಕೆ ಕೊಡುವ ಆ್ಯಂಟಿಬಯಾಟಿಕ್ ಇದಕ್ಕೆ ನಾಟುವುದಿಲ್ಲ. ಆಂಫೊಟೆರಿಸಿನ್ ಎಂಬ ಶಿಲೀಂಧ್ರನಾಶಕವನ್ನು ದಿನಕ್ಕೆರಡು ಸಲ, ವಾರಗಟ್ಟಲೆ ಬಾಯಿಗೆ ಹಾಕಬೇಕು. ಹಾಕಿದ ಮೇಲೂ ಅದು ಮರಳಿ ಬರಬಹುದು. ಹಿಕ್ಕೆಯಲ್ಲಿ ಅದು ದಿನವೂ ಕಾಣಿಸಿಕೊಳ್ಳುವುದಿಲ್ಲ, ಹಾಗಾಗಿ ಒಂದು ಸಲದ ಪರೀಕ್ಷೆಯಲ್ಲಿ ಸಿಗಲಿಲ್ಲ ಎಂದರೆ ಇಲ್ಲವೆಂದು ಅರ್ಥವಲ್ಲ.

ಇನ್ನೊಂದು ಕಾಯಿಲೆ ಇದಕ್ಕಿಂತ ಕ್ರೂರ. 1970ರ ದಶಕದಲ್ಲಿ ಮಕಾವ್ ಗಿಣಿಗಳಲ್ಲಿ ಮೊದಲು ಗುರುತಿಸಿದ್ದು. ಜಠರದ ನರಗಳೇ ಸೋಲುತ್ತವೆ, ಜಠರ ಜೋಲುಬಿದ್ದು ಹಿಗ್ಗುತ್ತದೆ, ತಿಂದ ಕಾಳು ಇಡಿಯಾಗಿ ಹಿಕ್ಕೆಯಲ್ಲಿ ಹೊರಬೀಳುತ್ತದೆ. ಇದರ ಹಿಂದೆ ಬೋರ್ನಾ ಎಂಬ ವೈರಸ್ ಇದೆ ಎಂದು 2008ರಲ್ಲಿ ತಿಳಿಯಿತು. ಆಫ್ರಿಕದ ಬೂದು ಗಿಣಿ, ಕಾಕಟೂ, ಕಾಕಟೀಲ್, ಯಾವುದಕ್ಕೂ ಬರಬಹುದು. ಪೂರ್ತಿ ಗುಣಪಡಿಸುವ ಔಷಧ ಇಲ್ಲ. ಉರಿಯೂತ ತಗ್ಗಿಸುವ ಮಾತ್ರೆ, ಸುಲಭವಾಗಿ ಅರಗುವ ಊಟ, ಬೆಚ್ಚನೆ ಜಾಗ ಕೊಟ್ಟು ನೋಡಿಕೊಂಡರೆ ಕೆಲವು ಹಕ್ಕಿಗಳು ವರ್ಷಗಟ್ಟಲೆ ಬದುಕುತ್ತವೆ. ಪಂಜರದ ಸತು ಲೇಪದ ತಂತಿ ಕಡಿದು ಹೊಟ್ಟೆಗೆ ವಿಷ ಹೋಗಿದ್ದರೂ ಹೆಚ್ಚುಕಡಿಮೆ ಇದೇ ಲಕ್ಷಣ. ಅದನ್ನು ಎಕ್ಸ್‌ರೇ ಮತ್ತು ರಕ್ತಪರೀಕ್ಷೆಯಿಂದ ಪತ್ತೆ ಮಾಡಬಹುದು, ಬೇಗ ಗೊತ್ತಾದರೆ ಗುಣವೂ ಮಾಡಬಹುದು. ಕಾಯಿಲೆಗಳ ಪಟ್ಟಿ ಕೊಡುವುದು ನನ್ನ ಉದ್ದೇಶವಲ್ಲ. ಇಷ್ಟೆಲ್ಲಾ ಬೇರೆ ಬೇರೆ ಕಾರಣಗಳಿರುವಾಗ ಎಲ್ಲಕ್ಕೂ ನಮ್ಮಲ್ಲಿ ಸಿಗುವ ಉತ್ತರ ಒಂದೇ ಎಂಬುದೇ ಸಂಕಟ. ಮಾರುಕಟ್ಟೆಯ ಯಾವುದೇ ಹಕ್ಕಿ ಅಂಗಡಿಗೆ ಹೋಗಿ, "ಅಣ್ಣಾ, ಹಕ್ಕಿ ಮಂಕಾಗಿದೆ, ವಾಂತಿ ಮಾಡ್ತಿದೆ" ಎನ್ನಿ. ಹಳದಿ ಪುಡಿಯ ಒಂದು ಪುಟ್ಟ ಪೊಟ್ಟಣ ಕೈಗೆ ಬರುತ್ತದೆ. "ನೀರಿಗೆ ಹಾಕಿ ಸಾರ್, ಮೂರು ದಿನದಲ್ಲಿ ಸರಿಹೋಗತ್ತೆ. ಇಲ್ಲಾಂದ್ರೆ ಬನ್ನಿ, ಬೇರೆ ಕೊಡ್ತೀನಿ." ಬೇರೆ ಎಂದರೆ ಬೇರೆ ಔಷಧ ಎಂದುಕೊಂಡೀರಿ. ಬೇರೆ ಹಕ್ಕಿ!

ಆ ಪುಡಿ ಸಾಮಾನ್ಯವಾಗಿ ಕೋಳಿ ಸಾಕಣೆಗೆ ಬಳಸುವ ಟೆಟ್ರಾಸೈಕ್ಲಿನ್. ಕಾಯಿಲೆಯ ಹಕ್ಕಿ ನೀರನ್ನೇ ಕಡಿಮೆ ಕುಡಿಯುತ್ತದೆ, ಕಹಿ ನೀರನ್ನು ಇನ್ನೂ ಕಡಿಮೆ. ಎಷ್ಟು ಔಷಧ ಒಳಗೆ ಹೋಯಿತು ಎಂಬುದು ದೇವರಿಗೇ ಗೊತ್ತು. ಹೋದದ್ದು ಹೊಟ್ಟೆಯ ಒಳ್ಳೆಯ ಜೀವಾಣುಗಳನ್ನು ಕೊಂದು ಶಿಲೀಂಧ್ರಕ್ಕೆ ಜಾಗ ಬಿಡಿಸಿಕೊಡಬಹುದು. ಹಾಗಾಗಿ ನನ್ನ ಮೊದಲ ಕೇಳಿಕೆ ಇದು: ಅಂಗಡಿಯ ಪುಡಿ ತರಬೇಡಿ. ನಿಮ್ಮ ಮನೆಯ ಡಬ್ಬಿಯಲ್ಲಿ ಉಳಿದ ಹೊಟ್ಟೆನೋವಿನ ಮಾತ್ರೆಯ ಕಾಲುಭಾಗವನ್ನೂ ಅರೆದು ಹಾಕಬೇಡಿ. ತೊಂಬತ್ತು ಗ್ರಾಂ ತೂಗುವ ಜೀವಕ್ಕೆ ನಿಮ್ಮ ಕಾಲುಭಾಗ ಎಂದರೆ ಎಷ್ಟು ಪಟ್ಟು ಎಂದು ಒಮ್ಮೆ ಲೆಕ್ಕ ಹಾಕಿ ನೋಡಿ.

ಊಟದ ವಿಷಯಕ್ಕೆ ಬಂದರೆ ನಮ್ಮ ಪ್ರೀತಿಯೇ ಅಪರಾಧಿ. ಗಿಣಿಗೆ ಹಾಲು-ಅನ್ನ ಕಲಸಿ ಇಡುವುದು ನಮ್ಮ ಅಜ್ಜಿಯರ ಕಾಲದಿಂದ ಬಂದ ಮಮತೆ. ಆದರೆ ಹಕ್ಕಿಗಳು ಮೊಲೆಯುಣ್ಣುವ ಜೀವಗಳಲ್ಲ. ಹಾಲಿನ ಸಕ್ಕರೆಯನ್ನು ಅರಗಿಸುವ ಶಕ್ತಿ ಅವಕ್ಕಿಲ್ಲ. ಮೊದಲೇ ಕೆಟ್ಟ ಹೊಟ್ಟೆಗೆ ಹಾಲು ಬಿದ್ದರೆ ಭೇದಿ. ಚಹಾದಲ್ಲಿ ಅದ್ದಿದ ಬಿಸ್ಕತ್ತು, ಮಿಕ್ಸ್ಚರು, ಉಪ್ಪು ಹಾಕಿದ ಕಡಲೆ, ಇವೂ ಹಾಗೆಯೇ. ಕೊಡಗಿನಿಂದ ಬರುವ ಬೆಣ್ಣೆಹಣ್ಣು ನಮಗೆ ಆರೋಗ್ಯದ ಹಣ್ಣಾದರೂ ಗಿಣಿಗೆ ವಿಷ. ಹಸಿಮೆಣಸಿನಕಾಯಿ ಬೇಕಾದರೆ ಕೊಡಿ, ಅದರ ಖಾರ ಹಕ್ಕಿಯ ನಾಲಿಗೆಗೆ ಹತ್ತುವುದೇ ಇಲ್ಲ. ಬರೀ ಸೂರ್ಯಕಾಂತಿ ಬೀಜ ಸುರಿದು ಕೈತೊಳೆದುಕೊಳ್ಳುವುದು ಎಲ್ಲಕ್ಕಿಂತ ದೊಡ್ಡ ಸೋಮಾರಿತನ. ಅದರಲ್ಲಿ ಕೊಬ್ಬು ತುಂಬಿದೆ, ಎ ಜೀವಸತ್ವ ಇಲ್ಲವೆನ್ನುವಷ್ಟು ಕಡಿಮೆ. ನವಣೆ, ಸಾಮೆ, ನುಗ್ಗೆಸೊಪ್ಪು, ಬೇಯಿಸಿದ ಕ್ಯಾರೆಟ್, ಸಿಹಿಗುಂಬಳ ನಮ್ಮ ಸಂತೆಯಲ್ಲೇ ಸಿಗುತ್ತವೆ. ಜಠರ ಸೋತ ಹಕ್ಕಿಗೆ ಯಾವುದನ್ನು ಎಷ್ಟು ಮೆತ್ತಗೆ ಮಾಡಿ ಕೊಡಬೇಕು ಎಂಬುದನ್ನು ಡಾಕ್ಟರನ್ನು ಕೇಳಿ. ಬಹುದಿನ ಕಾಳು ತಿಂದ ಹಕ್ಕಿಗೆ ಒಂದೇ ದಿನದಲ್ಲಿ ಊಟ ಬದಲಿಸಿದರೆ ಅದು ಹಸಿದು ಸತ್ತರೂ ಹೊಸದನ್ನು ಮುಟ್ಟದೆ ಇರಬಹುದು.

ನನ್ನ ಮನೆಯಲ್ಲೂ ಇಂಥದೊಂದು ಕಾಕಟೀಲ್ ಇದೆ. ಅದರ ಹೊಟ್ಟೆ ಪೂರ್ತಿ ಸರಿಹೋಗುವುದಿಲ್ಲ ಎಂದು ನನಗೆ ಗೊತ್ತು. ಆದ್ದರಿಂದ ಆರೈಕೆ ಎಂದರೆ ಏನೆಂದು ಹೇಳುವಾಗ ನಾನು ದೊಡ್ಡ ಮಾತು ಆಡಲಾರೆ. ಅದು ಬೇಸರ ಬರಿಸುವ ಸಣ್ಣ ಕೆಲಸಗಳ ಸರಣಿ. ಗ್ರಾಂ ತೋರಿಸುವ ಡಿಜಿಟಲ್ ತಕ್ಕಡಿಯೊಂದನ್ನು ತನ್ನಿ, ಹಕ್ಕಿಗೆಂದು ಬೇರೆಯೇ ಇರಲಿ. ಬೆಳಿಗ್ಗೆ ಮೊದಲ ದೊಡ್ಡ ಹಿಕ್ಕೆ ಹಾಕಿದ ಮೇಲೆ, ಕಾಳು ಮುಟ್ಟುವ ಮೊದಲು ತೂಗಿ, ಕ್ಯಾಲೆಂಡರಿನ ಆ ದಿನದ ಚೌಕದಲ್ಲಿ ಬರೆಯಿರಿ. ಹಾಲಿನ ಲೆಕ್ಕ ಬರೆಯುವ ಜಾಗದಲ್ಲೇ ಬರೆಯಿರಿ. ತೊಂಬತ್ತು ಗ್ರಾಂ ಹಕ್ಕಿ ಒಂಬತ್ತು ಗ್ರಾಂ ಇಳಿದರೆ ಅದು ತುರ್ತುಸ್ಥಿತಿ. ಆ ಒಂಬತ್ತು ಗ್ರಾಂ ನಿಮ್ಮ ಕೈಗೆ ತಿಳಿಯುವುದಿಲ್ಲ, ಕಣ್ಣಿಗೆ ಕಾಣುವುದಿಲ್ಲ, ತಕ್ಕಡಿಗೆ ಮಾತ್ರ ಗೊತ್ತಾಗುತ್ತದೆ.

ಪಂಜರದ ತಳಕ್ಕೆ ಕಾಗದ ಹಾಸಿ ದಿನವೂ ಬದಲಿಸಿ. ಈ ಬರಹ ಅಚ್ಚಾದ ಪುಟವನ್ನೇ ಹಾಸಿದರೂ ನನ್ನ ಅಭ್ಯಂತರವಿಲ್ಲ, ಬಿಳಿಯ ಹಾಳೆಯಾದರೆ ಇನ್ನೂ ಒಳ್ಳೆಯದು, ಬಣ್ಣ ಸರಿಯಾಗಿ ಕಾಣುತ್ತದೆ. ಹಿಕ್ಕೆಯಲ್ಲಿ ಮೂರು ಭಾಗ ಇರುತ್ತದೆ: ಹಸಿರೋ ಕಂದೋ ಆದ ಗಟ್ಟಿ ಸುರುಳಿ, ಸುಣ್ಣದಂಥ ಬಿಳಿ, ಸುತ್ತ ಸ್ವಲ್ಪ ನೀರು. ಬಿಳಿ ಭಾಗ ಹಳದಿಗೋ ಹಸಿರಿಗೋ ತಿರುಗಿದರೆ, ಇಡೀ ಕಾಳು ಕಂಡರೆ, ಡಾಂಬರಿನ ಹಾಗೆ ಕಪ್ಪಾದರೆ, ಫೋನಿನಲ್ಲಿ ಚಿತ್ರ ತೆಗೆದು ಡಾಕ್ಟರಿಗೆ ತೋರಿಸಿ. ಬಟ್ಟಲಿನ ಸಿಪ್ಪೆಯನ್ನು ಊದಿ ಒಳಗೆ ಕಾಳು ಉಳಿದಿದೆಯೇ ನೋಡಿ. ಸುಸ್ತಾದ ಹಕ್ಕಿಗೆ ಮೂವತ್ತು ಡಿಗ್ರಿಯ ಆಸುಪಾಸಿನ ಶಾಖ ಬೇಕು. ಪಂಜರದ ಒಂದು ಬದಿಗೆ ಮಾತ್ರ ಹೊರಗಿನಿಂದ ಬಲ್ಬು ಹಾಕಿ, ಬೇಡವೆನಿಸಿದರೆ ಇನ್ನೊಂದು ಬದಿಗೆ ಸರಿಯಲು ಜಾಗವಿರಲಿ. ಬೆಚ್ಚಗಿರಲಿ ಎಂದು ಅಡುಗೆಮನೆಗೆ ಮಾತ್ರ ಒಯ್ಯಬೇಡಿ. ನಾನ್‌ಸ್ಟಿಕ್ ದೋಸೆ ತವಾ ಅತಿಯಾಗಿ ಕಾದಾಗ ಹೊರಡುವ ಹೊಗೆ, ನಮಗೆ ವಾಸನೆಯೂ ತಿಳಿಯದಷ್ಟಿದ್ದರೂ, ಹಕ್ಕಿಯ ಪ್ರಾಣ ತೆಗೆಯಬಲ್ಲದು. ಸಿರಿಂಜಿನಲ್ಲಿ ಊಟ ಹಾಕುವುದನ್ನು ಡಾಕ್ಟರ ಎದುರು ಕಲಿತ ಮೇಲೆಯೇ ಮಾಡಿ. ತಪ್ಪು ದಾರಿಯಲ್ಲಿ ಹೋದರೆ ಗಂಜಿ ಶ್ವಾಸಕೋಶ ಸೇರುತ್ತದೆ.

ನಿಮ್ಮ ಮೈಯ ಮಾತೂ ಇದೆ. ಗಿಣಿಗಳಿಂದ ಮನುಷ್ಯರಿಗೆ ಹರಡುವ ಸಿಟಕೋಸಿಸ್ ಎಂಬ ಸೋಂಕು ಒಣಗಿದ ಹಿಕ್ಕೆಯ ದೂಳಿನಲ್ಲಿ ಬರುತ್ತದೆ. ಒಣ ಹಿಕ್ಕೆಯನ್ನು ಗುಡಿಸಬೇಡಿ, ನೀರು ಚಿಮುಕಿಸಿ ಒರೆಸಿ. ಮನೆಯಲ್ಲಿ ಯಾರಿಗಾದರೂ ಬಿಡದ ಜ್ವರ, ಒಣಕೆಮ್ಮು ಬಂದರೆ ಹಕ್ಕಿ ಸಾಕಿದ್ದೇವೆ ಎಂದು ನಿಮ್ಮ ಡಾಕ್ಟರಿಗೆ ಹೇಳಿ. ಔಷಧವಿದೆ, ಕಾರಣ ತಿಳಿಯಬೇಕು ಅಷ್ಟೆ.

ಈ ಕೆಲಸಗಳನ್ನೆಲ್ಲ ಓದುತ್ತಾ ಮನೆಯ ಗಂಡಸರು "ಹೌದಲ್ಲ" ಎಂದು ತಲೆಯಾಡಿಸುತ್ತಿದ್ದರೆ ಒಂದು ಮಾತು. ಹಠ ಹಿಡಿದದ್ದು ಮಗ, ಪೇಟೆಯಿಂದ ತಂದದ್ದು ಅಪ್ಪ, ಹಿಕ್ಕೆ ಬಳಿಯುತ್ತಿರುವುದು ಅಮ್ಮ. ಕಾಯಿಲೆಯ ಗಿಣಿಯ ಆರೈಕೆಯೂ ಹಾಗೆಯೇ ಯಾರ ಗಮನಕ್ಕೂ ಬಾರದೆ ಅವಳ ದಿನಕ್ಕೆ ಸೇರಿಹೋಗುತ್ತದೆ. ಬೆಳಗಿನ ತೂಕ, ಸಂಜೆಯ ಔಷಧ, ಇವೆರಡನ್ನಾದರೂ ತಂದವರು ವಹಿಸಿಕೊಳ್ಳಿ.

ನಮ್ಮ ನಾಡಿನ ಹಸಿರು ಗಿಣಿಯ ಕಥೆ ಇನ್ನೂ ಕಷ್ಟದ್ದು. ಕೊರಳಿಗೆ ಕೆಂಪು ಪಟ್ಟಿಯ ಆ ಗಿಣಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿದೆ. ಅದನ್ನು ಹಿಡಿಯುವುದು, ಮಾರುವುದು, ಸಾಕುವುದು ಎಲ್ಲವೂ ಅಪರಾಧ. ಆದರೂ ಎಷ್ಟೋ ಮನೆಗಳ ಹಿತ್ತಿಲಲ್ಲಿ, ಶಾಸ್ತ್ರ ಹೇಳುವವರ ಪುಟ್ಟ ಪೆಟ್ಟಿಗೆಯಲ್ಲಿ ಅದು ಇದೆ. ಕಾನೂನಿಗೆ ಹೆದರಿ ಪಂಜರವನ್ನು ಒಳಗೆ ಬಚ್ಚಿಡುತ್ತಾರೆ, ಅದೇ ಹೆದರಿಕೆಯಿಂದ ಕಾಯಿಲೆ ಬಿದ್ದರೂ ಡಾಕ್ಟರಿಗೆ ತೋರಿಸುವುದಿಲ್ಲ. ಹೀಗೆ ಅದು ಎರಡು ಸಲ ಸೆರೆಯಾಗುತ್ತದೆ. ನಿಮ್ಮಲ್ಲಿ ಅಂಥ ಗಿಣಿ ಇದ್ದರೆ ಅದರ ಹೊಟ್ಟೆ ಕೆಡುವವರೆಗೆ ಕಾಯಬೇಡಿ. ಅರಣ್ಯ ಇಲಾಖೆಗೆ ಇಲ್ಲವೇ ಗಾಯಗೊಂಡ ಹಕ್ಕಿಗಳನ್ನು ನೋಡಿಕೊಳ್ಳುವ ರಕ್ಷಣಾ ಕೇಂದ್ರಕ್ಕೆ ಒಪ್ಪಿಸಿ. ಬೆಂಗಳೂರಿನಲ್ಲಿ ಅಂಥ ಕೇಂದ್ರಗಳಿವೆ. ಮುಜುಗರವಾಗುತ್ತದೆ, ಆಗಲಿ.

ಮತ್ತೆ, ದಯವಿಟ್ಟು, "ಸಾಯೋದಾದ್ರೆ ಸ್ವತಂತ್ರವಾಗಿ ಸಾಯಲಿ" ಎಂದು ಪಂಜರದ ಬಾಗಿಲು ತೆರೆಯಬೇಡಿ. ಕೇಳಲು ಇದು ದೊಡ್ಡ ಮನಸ್ಸಿನ ಮಾತು. ಕಾಕಟೀಲಿಗೆ ಲಾಲ್‌ಬಾಗಿನ ಮರದಲ್ಲಿ ಏನು ತಿನ್ನಬೇಕೆಂದು ಗೊತ್ತಿಲ್ಲ. ಹುಟ್ಟಿದ್ದು ಪಂಜರದಲ್ಲಿ, ಬೆಳೆದದ್ದು ಪಂಜರದಲ್ಲಿ, ಮೇಲೆ ಕಾಯಿಲೆ. ಕಾಗೆ, ಗಿಡುಗನ ಕಣ್ಣಿಗೆ ಬೀಳಲು ಅದಕ್ಕೆ ಅರ್ಧ ದಿನ ಸಾಕು. ಗಿಣಿ ಸಾಕಿ ಗಿಡುಗನ ಕೈಗೆ ಕೊಟ್ಟರು ಎಂದು ಹೆಣ್ಣು ಕೊಟ್ಟ ಮನೆಯ ಬಗ್ಗೆ ಮರುಗುತ್ತೇವಲ್ಲ, ಇಲ್ಲಿ ಅದನ್ನು ಅಕ್ಷರಶಃ ಮಾಡುತ್ತಿದ್ದೇವೆ. ತನ್ನ ಸೋಂಕನ್ನು ಕಾಡು ಹಕ್ಕಿಗಳಿಗೆ ದಾಟಿಸುವ ಅಪಾಯ ಬೇರೆ.

ಕಾನೂನು ಏನು ಮಾಡುತ್ತದೆ ಎಂದು ಕೇಳುವವರಿಗೆ: 1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆ ಸಾಕಿದ ಜೀವಕ್ಕೆ ಸಾಕಷ್ಟು ಅನ್ನ, ನೀರು, ನೆಲೆ ಕೊಡದಿರುವುದನ್ನೂ, ಹಸಿದು ನರಳಲು ಬಿಟ್ಟುಹೋಗುವುದನ್ನೂ ಕ್ರೌರ್ಯ ಎಂದೇ ಕರೆಯುತ್ತದೆ. ಮೊದಲ ತಪ್ಪಿಗೆ ಅದು ಬರೆದಿಟ್ಟ ದಂಡ 10 ರೂಪಾಯಿಯಿಂದ 50 ರೂಪಾಯಿ. ಒಂದು ಮಸಾಲೆ ದೋಸೆಗೂ ಸಾಲದ ದಂಡ. 2024ರಲ್ಲಿ ಕೇಂದ್ರ ಸರ್ಕಾರ ವಿದೇಶಿ ಜೀವಿಗಳನ್ನು ಸಾಕುವವರು ನೋಂದಾಯಿಸಿಕೊಳ್ಳಬೇಕೆಂಬ ನಿಯಮ ತಂದಿತು. ಹುಟ್ಟು, ಸಾವು, ಕೈ ಬದಲು ಎಲ್ಲವನ್ನೂ ತಿಳಿಸಬೇಕು. ಅದು ಅಳಿವಿನ ಅಪಾಯದಲ್ಲಿರುವ ಜೀವಿಗಳ ಅಂತರರಾಷ್ಟ್ರೀಯ ಪಟ್ಟಿಗೆ ಸೇರಿದವಕ್ಕೆ, ಆಫ್ರಿಕದ ಬೂದು ಗಿಣಿಯಂಥವಕ್ಕೆ. ಬಜರಿಗರ್, ಕಾಕಟೀಲ್ ಆ ಪಟ್ಟಿಯಲ್ಲಿ ಇಲ್ಲ. ನಮ್ಮ ಬಾಲ್ಕನಿಯ ಈ ಪುಟ್ಟ ಹಕ್ಕಿಗಳು ಎಷ್ಟು ಬಂದವು, ಎಷ್ಟು ಸತ್ತವು, ಯಾವ ಕಡತದಲ್ಲೂ ಇಲ್ಲ. ಇವುಗಳ ಪಾಲಿಗೆ ನೀವಲ್ಲದೆ ಬೇರೆ ಇಲಾಖೆಯಿಲ್ಲ.

ಸರ್ಕಾರಕ್ಕೂ ಪಶುವೈದ್ಯರಿಗೂ ಹೇಳಬೇಕಾದದ್ದಿದೆ. ನಮ್ಮ ಪಶು ಆಸ್ಪತ್ರೆಗಳನ್ನು ಕಟ್ಟಿದ್ದು ಹಸು, ಎಮ್ಮೆ, ಕುರಿ, ಕೋಳಿಗಾಗಿ. ರೈತನ ಬದುಕು ಅವುಗಳ ಮೇಲಿದೆ, ಅದು ಸರಿಯೇ. ಆದರೆ ಕೋಳಿಯ ವೈದ್ಯ ಹಿಂಡಿನ ವೈದ್ಯ. ಅಲ್ಲಿ ಒಂದು ಹಕ್ಕಿಯ ಕಾಯಿಲೆಗಿಂತ ಉಳಿದ ಸಾವಿರದ ಚಿಂತೆ ದೊಡ್ಡದು. ಗಿಣಿಗೆ ಬೇಕಾದದ್ದು ಒಂದೇ ಜೀವವನ್ನು ವರ್ಷಗಟ್ಟಲೆ ಹಿಂಬಾಲಿಸುವ ವೈದ್ಯ. ಬೆಂಗಳೂರಿನಲ್ಲಿ ಹುಡುಕಿದರೆ ಸಿಗುತ್ತಾರೆ. ಸಿಂಧನೂರಿನಲ್ಲೋ ಹೊಸದುರ್ಗದಲ್ಲೋ ಇರುವವರು ಏನು ಮಾಡಬೇಕು? ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು ಇದೆ, ಬೀದರಿನ ವಿಶ್ವವಿದ್ಯಾಲಯ ಇದೆ. ಜಿಲ್ಲೆಗೊಬ್ಬ ವೈದ್ಯರಿಗಾದರೂ ಸಾಕು ಹಕ್ಕಿಗಳ ಚಿಕಿತ್ಸೆಯಲ್ಲಿ ತರಬೇತಿ ಕೊಡಿ. ಹಿಕ್ಕೆಯನ್ನು ಗಾಜಿನ ಪಟ್ಟಿಗೆ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡಲು ಕೋಟಿಗಳ ಕಟ್ಟಡ ಬೇಡ. ಹಕ್ಕಿಗಳ ಮಾರಾಟಕ್ಕೆ ಪರವಾನಗಿ ಕೊಡುವಾಗ, ಹಕ್ಕಿಯ ಜೊತೆ ಅದರ ಊಟ ಮತ್ತು ಕಾಯಿಲೆಯ ಲಕ್ಷಣ ತಿಳಿಸುವ ಒಂದು ಕನ್ನಡ ಹಾಳೆ ಕೊಡಬೇಕೆಂಬ ಷರತ್ತು ಹಾಕಿ. ವೈದ್ಯರೇ, ನಿಮ್ಮ ಮುಂದೆ ನಡುಗುವ ಹಕ್ಕಿಯನ್ನು ಹಿಡಿದು ನಿಂತವರಿಗೆ "ಇದಕ್ಕೆಲ್ಲ ಏನ್ ಟ್ರೀಟ್‌ಮೆಂಟು" ಎನ್ನಬೇಡಿ. ಗೊತ್ತಿಲ್ಲದಿದ್ದರೆ ಗೊತ್ತಿರುವವರ ಫೋನ್ ನಂಬರು ಕೊಡಿ, ಅದೇ ದೊಡ್ಡ ಚಿಕಿತ್ಸೆ.

ಹಣವಿಲ್ಲದವರ ಮಾತು ಬೇರೆ, ಅವರನ್ನು ನಾನು ದೂರುವುದಿಲ್ಲ. ಮಗಳ ಫೀಸು, ಅಪ್ಪನ ಇನ್ಸುಲಿನ್ ನಡುವೆ ಗಿಣಿಯ ಎಕ್ಸ್‌ರೇ ಎಲ್ಲಿ ಬರುತ್ತದೆ ಎಂಬುದು ನಿಜವಾದ ಪ್ರಶ್ನೆ. ಆದರೆ ಆ ಪ್ರಶ್ನೆಯನ್ನು ಅಂಗಡಿಯ ಮುಂದೆ ಕೇಳಿಕೊಳ್ಳಬೇಕು, ಹಕ್ಕಿ ಮುದುಡಿ ಕೂತ ಮೇಲಲ್ಲ. ಕಾಕಟೀಲ್ ಹದಿನೈದು ಇಪ್ಪತ್ತು ವರ್ಷ ಬದುಕಬಲ್ಲದು. ಇಂದು ಹಠ ಮಾಡುವ ಎಂಟು ವರ್ಷದ ಹುಡುಗನಿಗೆ ಮದುವೆಯ ವಯಸ್ಸು ಬಂದಾಗಲೂ ಅದು ಇರಬಹುದು, ಅದರಲ್ಲಿ ಎಷ್ಟು ವರ್ಷ ಕಾಯಿಲೆಯದೋ. ಅಷ್ಟನ್ನು ಹೊರಲು ಆಗದಿದ್ದರೆ ಕೊಳ್ಳಬೇಡಿ. ಹುಟ್ಟುಹಬ್ಬಕ್ಕೆ ಸೈಕಲ್ ಕೊಡಿಸಿ.

ಕಡೆಗೊಂದು ದಿನ ಡಾಕ್ಟರು "ಇನ್ನು ಎಳೆಯುವುದು ಬೇಡ" ಎಂದಾರು. ಊಟ ಇಳಿಯುತ್ತಿಲ್ಲ, ಕೋಲಿನ ಮೇಲೆ ನಿಲ್ಲಲಾಗುತ್ತಿಲ್ಲ, ಔಷಧದ ಹಿಂಸೆಯೇ ಕಾಯಿಲೆಗಿಂತ ಹೆಚ್ಚಾಗಿದೆ ಎಂದರೆ ಆ ಮಾತನ್ನು ಕೇಳಿ. ನಮಗೆ ಬೇಕೆಂದು ಅದನ್ನು ಇಟ್ಟುಕೊಳ್ಳುವುದೂ ಒಂದು ಬಗೆಯ ಸ್ವಾರ್ಥವೇ. ಸತ್ತ ಮೇಲೆ ದುಃಖದಲ್ಲಿ ಕೂಡಲೇ ಹೂಳಿಬಿಡಬೇಡಿ, ಮನೆಯಲ್ಲಿ ಬೇರೆ ಹಕ್ಕಿಗಳಿದ್ದರಂತೂ ಬೇಡ. ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಫ್ರಿಜ್ಜಿನ ಕೆಳಭಾಗದಲ್ಲಿ, ಊಟದ ಸಾಮಾನಿನಿಂದ ಬೇರೆಯಾಗಿ, ಇಡಿ. ಫ್ರೀಜರಿನಲ್ಲಿ ಬೇಡ, ಹೆಪ್ಪುಗಟ್ಟಿದರೆ ಪರೀಕ್ಷೆ ಕೆಡುತ್ತದೆ. ಆದಷ್ಟು ಬೇಗ ಡಾಕ್ಟರಿಗೆ ತಲುಪಿಸಿ, ಮರಣೋತ್ತರ ಪರೀಕ್ಷೆ ಮಾಡಿಸಿ. ವರದಿ ಕೈಗೆ ಬಂದು, ಉಳಿದ ಹಕ್ಕಿಗಳ ಹಿಕ್ಕೆ ಪರೀಕ್ಷೆ ಮುಗಿಯುವವರೆಗೆ ಆ ಪಂಜರಕ್ಕೆ ಹೊಸ ಹಕ್ಕಿ ತರಬೇಡಿ. ಅಂಗಡಿಯವನು "ಅರ್ಧ ರೇಟಿಗೆ ಕೊಡ್ತೀನಿ ಸಾರ್" ಎಂದರೂ ತರಬೇಡಿ.